ಕೊನೆಯಲ್ಲಿ ಬರುವವನು

ತಂಗಿಯ ಮೇಲೆ ಕೈ ಎತ್ತಿದವನ ಕೈ ಮುರಿಯುತ್ತೇನೆ ಎಂದು ಮೆಕ್ಯಾನಿಕ್ ಅಪ್ಪನಿಗೆ ಮಾತು ಕೊಟ್ಟು ಬಹಳ ವರ್ಷಗಳಾಗಿದ್ದವು. ಅಪ್ಪ ಅಷ್ಟು ಕೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬರದ ಹಾಗೆ ನೋಡಿಕೋ ಎಂದಿದ್ದರು. ಉಳಿದದ್ದು ಮಗ ತಾನಾಗಿ ಸೇರಿಸಿದ್ದು.

ಆ ಮಾತು ಈ ಬೆಳಿಗ್ಗೆ ಎದ್ದು ಕೂತಿತು. ತಂಗಿಯ ಮನೆಯ ಗೇಟಿನ ಮುಂದೆ ಮೂರು ಹಳೆಯ ಬೈಕುಗಳು ಗುಡುಗುತ್ತಿದ್ದವು. ಅವಳು ಚಹಾ ತಂದಳು. ಕುಂಟುತ್ತಿದ್ದಳು. ಮೆಟ್ಟಿಲಿಳಿಯಲು ಬಟ್ಟೆ ತುಸು ಎತ್ತಿದಾಗ ಬಲಗಾಲಿನ ಮೂಳೆಯ ಉದ್ದಕ್ಕೂ ಬದನೆಕಾಯಿ ಬಣ್ಣ. ಒಳಮಗ್ಗುಲಲ್ಲಿ ಸುಟ್ಟ ಗಾಯ. ಅಂಗೈ ತರಚಿತ್ತು.

"ಏನೇ ಇದು?"

"ಬಾಗಿಲು ತಾಗ್ತು ಅಣ್ಣ."

"ಬಾಗಿಲು ಸುಡುತ್ತಾ?"

ಅವಳು ಗಂಡನ ಕಡೆ ನೋಡಿದಳು. ಅವನು ತಲೆಯನ್ನು ತುಸುವೇ ಅಲ್ಲಾಡಿಸಿದ, ಬೇಡ ಎನ್ನುವಂತೆ. ಅವಳು ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು.

ಗಂಡ ವಾಚ್ ರಿಪೇರಿಯವನು. ಮೆಕ್ಯಾನಿಕ್‌ನ ಹಳೆಯ ಗೆಳೆಯ. ಗುಣ ಗೊತ್ತಿದೆ ಎಂದೇ ತಂಗಿಯನ್ನು ಕೊಟ್ಟಿದ್ದ. ಕೂದಲೆಳೆಯಂಥ ಸ್ಪ್ರಿಂಗನ್ನು ನೋಯಿಸದೆ ಹಿಡಿಯುವ ಬೆರಳುಗಳು. ಆ ಬೆರಳುಗಳು ಮನೆಯೊಳಗೆ ಮುಷ್ಟಿಯಾಗುತ್ತವೆ ಎಂದು ಯಾರಿಗೆ ಗೊತ್ತಿತ್ತು?

ಮೂರನೆಯವನು ಬೇಕರಿಯವನು. ರಜೆಯ ದಿನ ಮೂವರೂ ಹಳ್ಳಿದಾರಿ ಹಿಡಿಯುತ್ತಿದ್ದರು. ಹಳೆಯ ಗಾಡಿ ಎಂದ ಮೇಲೆ ಎಲ್ಲೋ ಒಂದು ಕಡೆ ಕೈಕೊಡುವುದೇ. ಅದಕ್ಕೇ ಅವರದೊಂದು ಕಟ್ಟುನಿಟ್ಟು: ಗಾಡಿ ರಿಪೇರಿ ಬಲ್ಲ ಮೆಕ್ಯಾನಿಕ್, ಸ್ಪ್ಯಾನರ್ ಚೀಲದೊಂದಿಗೆ, ಕೊನೆಯಲ್ಲಿ ಬರಬೇಕು. ಯಾರು ನಿಂತರೂ ಅವನ ಕೈಗೇ ಸಿಗಬೇಕು.

ದಾರಿ ಹೊಲಗಳ ನಡುವೆ ಬಳುಕುತ್ತಿತ್ತು. ಎರಡೂ ಬದಿಗೆ ಎದೆಯೆತ್ತರದ ಬೇಲಿ. ಮೆಕ್ಯಾನಿಕ್‌ಗೆ ಕಂಡದ್ದು ಮುಂದಿದ್ದ ವಾಚಿನವನ ಬೆನ್ನು ಮಾತ್ರ. ಶಿಳ್ಳೆ ಹಾಕುತ್ತಿದ್ದ ಬೆನ್ನು.

ಊರಂಚಿನ ಚಹಾದಂಗಡಿಯಲ್ಲಿ ಬೈಕುಗಳನ್ನು ತಣಿಯಲು ಬಿಟ್ಟರು.

"ಅವಳ ಕಾಲಿಗೇನಾಯ್ತು?" ಮೆಕ್ಯಾನಿಕ್ ಮತ್ತೆ ಕೇಳಿದ.

"ಬಿದ್ದಳು ಭಾವ."

"ಎಷ್ಟು ಸಲ?"

"ಲೆಕ್ಕ ಯಾರಿಟ್ಟಿದ್ದಾರೆ." ವಾಚಿನವನು ನಕ್ಕ. "ನಿನ್ನ ತಂಗಿ ಅಲ್ವಾ, ಮೊಂಡುತನ ನಿಮ್ಮ ಮನೆತನದ್ದು. ಮೊದಮೊದಲು ಅಳ್ತಿದ್ದಳು. ಈಗ ಹಲ್ಲು ಕಚ್ಕೊಳ್ತಾಳೆ."

ಬೇಕರಿಯವನಿಗೆ ನಗು ಬಂದು ಚಹಾ ನೆತ್ತಿಗೆ ಹತ್ತಿತು. "ಸಾಕು ಕಣೋ. ಇನ್ನೊಂದು ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿನಗೆ?"

ಅಂದರೆ ಇವನಿಗೂ ಗೊತ್ತು. ಗೊತ್ತಿದ್ದೂ ನಗುತ್ತಾನೆ. ಮೆಕ್ಯಾನಿಕ್ ಎದ್ದು ಬೈಕುಗಳ ಬಳಿ ಹೋದ. ವಾಚಿನವನ ಗಾಡಿಯ ಮುಂದೆ ಕೂತು ಪ್ಲಗ್ಗಿನ ವಯರನ್ನು ಬೆರಳಿನಿಂದ ಸಡಿಲಿಸಿದ. ಆಮೇಲೆ ಬೇಕರಿಯವನಿಗೆ, "ನೀನು ಮುಂದೆ ಹೋಗಿ ಸೇತುವೆ ಹತ್ರ ಇರು" ಎಂದ. ಏಕೆ ಎಂದು ಅವನು ಕೇಳಲಿಲ್ಲ. ವಾಚಿನವನಿಗೆ ಕಣ್ಣು ಹೊಡೆದು ಧೂಳೆಬ್ಬಿಸಿಕೊಂಡು ಹೋದ.

ಬೇಲಿಯ ನಡುವೆ, ಯಾರೂ ಇಲ್ಲದ ತಿರುವಿನಲ್ಲಿ, ವಾಚಿನವನ ಗಾಡಿ ಕೆಮ್ಮಿ ನಿಂತಿತು. ಅವನು ಕೆಳಗಿಳಿದು, "ಬಾಪ್ಪಾ ಡಾಕ್ಟರೇ, ನೋಡು" ಎಂದು ಬಗ್ಗಿದ.

ಮೆಕ್ಯಾನಿಕ್ ಚೀಲದಿಂದ ದೊಡ್ಡ ಸ್ಪ್ಯಾನರ್ ತೆಗೆದ.

ಮೊದಲ ಏಟು ಭುಜಕ್ಕೆ ಬಿತ್ತು. ವಾಚಿನವನು ಮಣ್ಣಿನಲ್ಲಿ ಉರುಳಿ, ಅರ್ಥವಾಗದ ಮುಖ ಎತ್ತಿ ನೋಡಿದ. ಎರಡನೆಯದಕ್ಕೆ ತುಟಿ ಸೀಳಿತು. ಮೆಕ್ಯಾನಿಕ್ ಅವನ ಎದೆಯ ಮೇಲೆ ಮೊಣಕಾಲೂರಿದ.

"ಹೆಣ್ಣಿನ ಮೇಲೆ ತೋರಿಸ್ತೀಯಲ್ಲ, ಈಗ ತೋರಿಸು."

"ಭಾವ... ಏನು... ಅವಳು ಅಡ್ಡದಾರಿಯಲ್ಲಿ ಸೇತುವೆಗೆ ಬರ್ತಿದ್ದಾಳೆ, ಅವಳನ್ನೇ ಕೇಳು..."

"ಅವಳ ಸುದ್ದಿ ನಿನ್ನ ಬಾಯಲ್ಲಿ ಬರಬಾರದು. ಏನು ಹೇಳಬೇಕು ಅಂತ ಕಲಿಸಿಟ್ಟಿದ್ದೀಯ ಅವಳಿಗೆ."

"ಹೌದು, ಕಲಿಸಿದೆ, ಆದರೆ..."

ಅವನು ದಾರಿಯ ಕಡೆಗೆ ಬಲಗೈ ಎತ್ತಿದ. ಹೊಡೆಯಲೆಂದೇ ಎತ್ತಿದ ಹಾಗಿತ್ತು. ಮೆಕ್ಯಾನಿಕ್ ಆ ಕೈಯನ್ನು ಮುಂಗೈ ಹತ್ತಿರ ಹಿಡಿದು, ಮೈಲಿಗಲ್ಲಿನ ಮೇಲೆ ಒತ್ತಿ, ಸ್ಪ್ಯಾನರ್ ಬೀಸಿದ. ಹಸಿಕಡ್ಡಿ ಮುರಿದಂತೆ ಸದ್ದಾಯಿತು. ಮತ್ತೆ ಬೀಸಿದ. ಬೆರಳುಗಳು ಬೆರಳಿನ ಆಕಾರ ಬಿಟ್ಟವು. ಕಿರುಚಾಟಕ್ಕೆ ಹೊಲದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಮೆಕ್ಯಾನಿಕ್ ಮೂರನೆಯ ಬಾರಿಯೂ ಹೊಡೆದ. ಅಲ್ಲಿಗೆ ಕಿರುಚಾಟ ನಿಂತಿತು. ಕಲ್ಲಿನ ಮೇಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮೆಕ್ಯಾನಿಕ್‌ನ ಮನಸ್ಸು ಹೊರೆ ಇಳಿಸಿದಷ್ಟು ಹಗುರ. ಹೇಳಿದ್ದನ್ನು ಮಾಡಿದ್ದೇನೆ ಎಂದುಕೊಂಡ.

ಮುಂದಿನ ತಿರುವಿನಾಚೆ ಹಾರ್ನ್ ಕೇಳಿಸಿತು. ಬೇಕರಿಯವನದ್ದು, ಮೆರವಣಿಗೆಯಂತೆ ಬಾರಿಸುತ್ತ. ಅವನ ಎಂಜಿನ್ನಿನ ಜೊತೆ ಇನ್ನೊಂದು ಸದ್ದಿತ್ತು. ಮೆಕ್ಯಾನಿಕ್‌ನ ಕಿವಿ, ಅವನ ಅಪ್ಪಣೆ ಕೇಳದೆ, ತನ್ನ ಕೆಲಸ ಮಾಡಿತು. ಹಳೆಯ ಗಾಡಿ. ಒಂದೇ ಸಿಲಿಂಡರ್. ಕಿಡಿಯ ಟೈಮಿಂಗ್ ತುಸು ಮುಂದಿದೆ. ಕಲಿಯುವವರಿಗೆ ಇಂಥದ್ದನ್ನು ಕೊಡಬಾರದು. ಕಿಕ್ಕರ್ ಮೆಟ್ಟಿದರೆ ತಿರುಗಿ ಬಡಿಯುತ್ತದೆ, ಬಲಗಾಲಿನ ಮೂಳೆಗೇ. ಗಾಡಿ ಸಮೇತ ಬಿದ್ದರೆ ಬಿಸಿ ಸೈಲೆನ್ಸರ್ ಕಾಲಿನ ಒಳಮಗ್ಗುಲಿಗೆ...

ಅವನ ಯೋಚನೆ ಅಲ್ಲಿಗೇ ನಿಂತಿತು.

ಬೈಕು ತಿರುವು ದಾಟಿ ಬಂತು. ಓಡಿಸುತ್ತಿದ್ದವಳು ಒಂದು ಕೈ ಬಿಟ್ಟು, "ಅಣ್ಣಾ, ಇಲ್ಲಿ ನೋಡು" ಎಂದು ನಗುತ್ತಾ ಬೀಸಿದಳು. ಆಮೇಲೆ ಅವಳಿಗೆ ಕಲ್ಲಿನ ಪಕ್ಕ ಬಿದ್ದಿದ್ದ ಗಂಡ ಕಂಡ.

ತಂಗಿ ಅತ್ತಳು. ಅಪ್ಪ ಕೇಳಿದ್ದ ಮಾತು ಮುರಿಯಿತು.