ಎರಡನೇ ಚೀಟಿ

ಪಚ್ಚಕರ್ಪೂರದ ವಾಸನೆ ಬಂದರೆ ಈಗಲೂ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ತುಂಗಭದ್ರಾ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಅದೊಂದು ಮಧ್ಯಾಹ್ನ. ಕಾಲುವೆಯ ನೀರಿಗೆ ಬಿದ್ದ ಬಿಸಿಲು ಕಿಟಕಿಯಿಂದ ಒಳಬಂದು ದೇವರ ಮನೆಯ ಗೋಡೆಯ ಮೇಲೆ ತೇಲಾಡುತ್ತಿತ್ತು. ಮುಂದೆ ಸಂಖ್ಯಾಶಾಸ್ತ್ರದ ಪ್ರೊಫೆಸರ್ ಆಗಿ, ಎಷ್ಟೋ ಹುಡುಗರಿಗೆ ಸಂಭವನೀಯತೆಯ ಪಾಠ ಹೇಳಿ ನಿವೃತ್ತಳಾದ ನನ್ನ ಸೋದರತ್ತೆ ಆಗಿನ್ನೂ ಎರಡು ಜಡೆಯ ಹುಡುಗಿ. ಕಲ್ಕತ್ತಾದಲ್ಲಿ ಓದಲು ಅವಳಿಗೆ ಸೀಟು ಸಿಕ್ಕಿತ್ತು.

"ಅಷ್ಟು ದೂರ ಬ್ಯಾಡ. ಕಂಪ್ಲಿ ಕಡೆ ಗಂಡು ನೋಡೀವಲ್ಲ," ಎಂದು ಅಜ್ಜಿ ಹಟ ಹಿಡಿದಿದ್ದಳು.

"ದೇವರನ್ನ ಕೇಳೋಣಂತ," ಎಂದ ಅಜ್ಜ. 'ಹೋಗಲಿ' ಅಂತ ಒಂದು, 'ಬ್ಯಾಡ' ಅಂತ ಒಂದು ಎಂದು ಹೇಳಿ ಎರಡು ಚೀಟಿ ಬರೆದು, ಮಡಚಿ, ಸಾಲಿಗ್ರಾಮದ ಮುಂದೆ ತುಳಸಿಯ ಮೇಲಿಟ್ಟ. ಒಂದನ್ನು ಎತ್ತಲು ನನ್ನನ್ನು ಕರೆದ. ನಾನೆತ್ತಿದ ಚೀಟಿಯಲ್ಲಿ 'ಹೋಗಲಿ' ಎಂದಿತ್ತು. ಅಜ್ಜಿ ದೇವರಿಗೆ ಕೈಮುಗಿದು ಅಡುಗೆ ಮನೆಗೆ ಹೋದಳು.

ನಾನು ಆಗಷ್ಟೇ ಓದಲು ಕಲಿತವಳು. ಓದುವ ಹುಮ್ಮಸ್ಸಿಗೆ ಉಳಿದ ಚೀಟಿಯನ್ನೂ ಬಿಡಿಸಿದೆ.

"ಅತ್ಯಾ, ಇದರಾಗೂ 'ಹೋಗಲಿ' ಅಂತನ ಅದ..."

ಅತ್ತೆಯ ಅಂಗೈ ನನ್ನ ಬಾಯಿ ಮುಚ್ಚಿತು. ತೀರ್ಥಕ್ಕೆಂದು ಪಚ್ಚಕರ್ಪೂರ ಪುಡಿಮಾಡಿದ ತಣ್ಣನೆಯ ಅಂಗೈ. ಬಹಳ ಹೊತ್ತು ಅವಳು ಅದನ್ನು ತೆಗೆಯಲಿಲ್ಲ.

ಆಮೇಲೆ ಮೆಲ್ಲಗೆ ಕೇಳಿದಳು: "ಅಪ್ಪಾ, ಹಿಂಗ ಬರದ್ರ ದೇವರಿಗೆ ಆರಿಸಲಿಕ್ಕೆ ಏನು ಉಳೀತು?"

ಅಜ್ಜ ತಿರುಗಿ ನೋಡಲಿಲ್ಲ. ದೀಪದ ಬತ್ತಿ ಸರಿಮಾಡುತ್ತಲೇ ಹೇಳಿದ:

"ಅಂವಗ ಸುಮ್ಮನ ಯಾಕ ತ್ರಾಸು ಕೊಡಬೇಕು, ತಾಯಿ."