ಕಂಪನಿ ಮನೆಗೆ ಬಣ್ಣ

ಇಗೋನಿ ಬಣ್ಣದ ಡಬ್ಬಿ ಹಿಡಿದುಕೊಂಡು ಏಣಿ ಇಳಿಯುತ್ತಿರುವಾಗಲೇ ಮೊದಲ ದೋಣಿ ಕಟ್ಟೆಗೆ ಬಂದು ತಾಗಿತು. ದೋಣಿ ತುಂಬ ಹೆಂಗಸರು. ಎಲ್ಲರೂ ಒಂದೇ ನಮೂನೆಯ ನೇರಳೆ ಬಟ್ಟೆ ಉಟ್ಟಿದ್ದರು. ನೆಲಕ್ಕೆ ಕಾಲಿಟ್ಟದ್ದೇ ತಡ, ತಲೆಯ ಮೇಲೆ ಕೈ ಹೊತ್ತು ಹೋ ಎಂದು ಅಳತೊಡಗಿದರು.

"ಯಾರಪ್ಪಾ ಹೋಗಿದ್ದು?" ಎಂದು ಅವರ ಮುಂದಾಳು ಇನಿಯೆ ಅಳುವಿನ ನಡುವೆಯೇ ವಿಚಾರಿಸಿದಳು. ಸುತ್ತಲಿನ ಯಾವ ಹಳ್ಳಿಯಲ್ಲಿ ಯಾರು ಸತ್ತರೂ ಮೊದಲ ಅಳು ಅವಳದೇ.

"ಯಾರೂ ಹೋಗಿಲ್ಲವಲ್ಲ ಅಕ್ಕಾ!"

"ಮತ್ತೆ ಬಣ್ಣ?"

ಇಗೋನಿ ಹಣೆ ಹಣೆ ಚಚ್ಚಿಕೊಂಡ. ಅವನ ಊರು ತೊರುಆಮಾದಲ್ಲಿ ಸೂರು ಸೋರಲಿ, ಗೋಡೆ ಉದುರಲಿ, ಬದುಕಿದ್ದವರ ಮನೆಗೆ ಯಾರೂ ಸುಣ್ಣಬಣ್ಣ ಕಾಣಿಸುವುದಿಲ್ಲ. ಮನೆಯ ಹಿರಿಯರು ಕಣ್ಣು ಮುಚ್ಚಿದಾಗ ಮಾತ್ರ ಹೆಣವನ್ನು ಪಟ್ಟಣದ ಆಸ್ಪತ್ರೆಯ ಶವಾಗಾರದಲ್ಲಿಟ್ಟು, ಮನೆಗೆ ಬಣ್ಣ ಬಳಿದು, ಆಮೇಲೆ ತಂದು ಮಣ್ಣು ಮಾಡುತ್ತಾರೆ. ಇದೇನು ಇಗೋನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅವನ ತಲೆಯಲ್ಲಿ ಬೇರೆ ಚಿಂತೆ ಕುಣಿಯುತ್ತಿತ್ತು. ಹಿಂದೊಮ್ಮೆ ಲಂಡನ್ನಿನ ತಾಳೆ ಎಣ್ಣೆಯ ಕಂಪನಿಯವರು ಹಡಗಿನಲ್ಲಿ ತುಂಡು ತುಂಡಾಗಿ ತಂದು ಜೋಡಿಸಿದ ಈ ಮಹಡಿ ಮನೆಯನ್ನು ಊರ ಯಜಮಾನ ವಾರ್ಮೇಟ್ ಇವತ್ತೇ ಕೆಡವಿಸುವವನಿದ್ದ. ಜಾಗ ಮಂಜುಗಡ್ಡೆ ಕಾರ್ಖಾನೆಗೆ ಬೇಕಂತೆ. ಇಗೋನಿ ಹರೆಯದಲ್ಲಿ ಸಮುದ್ರದಲ್ಲಿ ದಾರಿ ತಪ್ಪಿದಾಗಲೆಲ್ಲ ಈ ಮನೆಯ ಕೆಂಪು ತಗಡು ಕಂಡೇ ಜೀವ ಉಳಿಸಿಕೊಂಡವನು. ಅದು ಇಲ್ಲದ ಊರನ್ನು ನೆನೆದರೆ ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಮನೆ ಚೆಂದ ಕಂಡರೆ ಕೆಡವಲು ಯಜಮಾನನಿಗೆ ಮನಸ್ಸು ಬರಲಿಕ್ಕಿಲ್ಲ ಎಂದು ಬಣ್ಣಕ್ಕೆ ಕೈ ಹಾಕಿದ್ದ.

ಅಷ್ಟರಲ್ಲಿ ಎರಡನೇ ದೋಣಿಯಲ್ಲಿ ಡೋಲಿನವರು ಬಂದರು. ಅದರ ಬೆನ್ನಿಗೇ ಅನ್ನದ ಹಂಡೆ, ಬಾಡಿಗೆ ಕುರ್ಚಿ, ಒಂದು ಮೇಕೆ. ಮೇಕೆಯೊಂದೇ ಅವರಲ್ಲಿ ನಿಜವಾಗಿ ದುಃಖದಲ್ಲಿತ್ತು.

"ಅಕ್ಕಾ, ತಪ್ಪಾಯ್ತು, ಎಲ್ಲರನ್ನೂ ವಾಪಸ್ ಕರ್ಕೊಂಡು ಹೋಗು" ಎಂದು ಇಗೋನಿ ಬೇಡಿಕೊಂಡ.

"ಏನಂದೆ?" ಇನಿಯೆ ಸೊಂಟಕ್ಕೆ ಕೈ ಕೊಟ್ಟಳು. "ಅಷ್ಟು ದೂರದಿಂದ ಹುಟ್ಟು ಹಾಕ್ಕೊಂಡು ಬಂದಿದ್ದೀವಿ, ಅಳು ಅರ್ಧ ಮುಗಿದಿದೆ. ಈಗ ಯಾರೂ ಸತ್ತಿಲ್ಲ ಅಂದ್ರೆ ಹೆಂಗೋ? ಕಣ್ಣೀರನ್ನ ವಾಪಸ್ ಒಳಗೆ ಹಾಕ್ಕೊಳ್ಳೋದಾ? ಯಾರನ್ನಾದ್ರೂ ನೋಡು, ಬೇಗ!"

ಇಗೋನಿ ನೋಡುವ ಮೊದಲೇ ಯಜಮಾನ ವಾರ್ಮೇಟ್ ಸುತ್ತಿಗೆ, ಹಾರೆ ಹೊತ್ತ ಆಳುಗಳೊಂದಿಗೆ ಬಂದುಬಿಟ್ಟ. ಡೋಲಿನ ಸದ್ದು ಕೇಳಿದ್ದೇ ಆಳುಗಳು ಸಾಮಾನು ಕೆಳಗಿಟ್ಟು ಟೊಪ್ಪಿ ತೆಗೆದರು. ಸಾವಿನ ಅಂಗಳದಲ್ಲಿ ಸುತ್ತಿಗೆ ಎತ್ತಿದವನ ಬಲೆಗೆ ಜನ್ಮದಲ್ಲಿ ಮೀನು ಬೀಳುವುದಿಲ್ಲ ಎಂಬ ಭಯ ಅವರಿಗೆ.

"ಏನೋ ಇದು ನಾಟಕ? ಯಾರೋ ಸತ್ತಿದ್ದು?" ಯಜಮಾನ ಗುಡುಗಿದ.

ಇಗೋನಿ ಮೇಕೆಯನ್ನು ನೋಡಿದ, ಮಹಡಿಯನ್ನು ನೋಡಿದ. "ಕಂಪನಿ, ಯಜಮಾನ್ರೇ."

"ಕಂಪನಿನಾ? ಅದು ಸತ್ತಿದ್ದು ನಮ್ಮಜ್ಜನ ಕಾಲದಲ್ಲಲ್ವೇನೋ!"

"ಸತ್ತಿದ್ದು ಹೌದು. ಮಣ್ಣು ಮಾಡಿದ್ದನ್ನ ಯಾರಾದ್ರೂ ನೋಡಿದ್ದೀರಾ?"

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನೋಡಿರಲಿಲ್ಲ. ಇನಿಯೆಗೆ ಹೋದ ಜೀವ ಬಂದಂತಾಯಿತು. "ಅಯ್ಯೋ ಕಂಪನೀ! ನಮ್ಮೆಣ್ಣೆಯೆಲ್ಲ ಕುಡಿದು, ಒಂದು ಮಾತೂ ಹೇಳದೆ ಹೋದ್ಯಲ್ಲೋ!" ಎಂದು ಅಂಗಳದಲ್ಲೇ ಹೊರಳಾಡಿದಳು. ಹಿಂದಿದ್ದ ಹೆಂಗಸರೂ ದನಿಗೂಡಿಸಿದರು. ಈ ಸಲದ ಅಳುವಿನಲ್ಲಿ ಅಷ್ಟಿಷ್ಟು ನಿಜವೂ ಇತ್ತು.

ಯಜಮಾನ ಹಲ್ಲು ಕಚ್ಚಿದ. "ಆಯ್ತು, ಇವತ್ತೇ ಮಣ್ಣು ಮಾಡಿ ಮುಗಿಸಿ. ನಾಳೆ ಕೆಡವ್ತೀನಿ."

"ಅದು ಹೆಂಗಾಗುತ್ತೆ?" ಇನಿಯೆ ಮಲಗಿದಲ್ಲಿಂದಲೇ ತಲೆ ಎತ್ತಿದಳು. "ಕಂಪನಿಯ ಮಕ್ಕಳೆಲ್ಲ ಲಂಡನ್ನಲ್ಲಿದ್ದಾರೆ. ಅವರು ಬರಬೇಡ್ವಾ? ನಿಮ್ಮಪ್ಪ ತೀರಿಕೊಂಡಾಗ ಅಮೆರಿಕದಿಂದ ನಿಮ್ಮ ತಮ್ಮ ಬರಲಿ ಅಂತ ಮೂರು ವರ್ಷ ಹೆಣ ಇಟ್ಕೊಂಡಿದ್ರಲ್ಲ, ನಾವೇನಾದ್ರೂ ಅಂದ್ವಾ?"

ಅಂಗಳದಲ್ಲಿ ಡೋಲೂ ನಿಂತಿತು. ಯಜಮಾನನ ಮುಖ ಹುಳ್ಳಗಾಯಿತು. ಟೊಪ್ಪಿ ತೆಗೆದು, ಮುಂದಿನ ಸಾಲಿನ ಕುರ್ಚಿಯಲ್ಲಿ ಭಾರವಾಗಿ ಕುಳಿತ. ಯಾರೋ ಅವನ ಕೈಗೆ ಅನ್ನದ ತಟ್ಟೆ ಕೊಟ್ಟರು. ಆಳುಗಳು ಆಗಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

"ಲಂಡನ್ನಿಗೆ ಹೇಳಿ ಕಳಿಸಿದ್ದೀಯೇನೋ?" ಎಂದು ಯಜಮಾನ ತುತ್ತಿನ ನಡುವೆ ಕೇಳಿದ.

"ವಿಳಾಸ ಹುಡುಕ್ತಾ ಇದ್ದೀನಿ ಯಜಮಾನ್ರೇ."

ಇನಿಯೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ದೊಡ್ಡ ಊರು. ನಿಧಾನಕ್ಕೆ ಹುಡುಕಪ್ಪ."