ಎಂಟನೆಯ ಅಧ್ಯಾಯದ ಸಾವು

ವಾರ್ಸಿಯನ್ನು ಸಂಜೆ ನಾಲ್ಕಕ್ಕೆ ಕೊಲ್ಲುವುದೆಂದು ಲಾಸ್ಮಿನಿ ಬೆಳಗಿನ ಚಹಾ ಮುಗಿಯುವುದರೊಳಗೇ ನಿರ್ಧರಿಸಿದ್ದಳು.

ಬೇರೆ ದಾರಿ ಇರಲಿಲ್ಲ. ಬಾವಿ ಕೊಡುವುದು ದಿನಕ್ಕೆ ಇಪ್ಪತ್ತು ಲೀಟರ್ ನೀರು. ಬದುಕಿ ಉಳಿದವರು ಹನ್ನೊಂದು ಮಂದಿ. ತಲೆಗೆ ಎರಡು ಲೀಟರಿಗಿಂತ ಕಡಿಮೆಯಾದರೆ ಯಾರೂ ಉಳಿಯರು. ಜಿಲ್ಲಾ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ನೀರು ಪರೀಕ್ಷಿಸಿದ ಲಾಸ್ಮಿನಿ ಕಥೆಯಲ್ಲೂ ಲೆಕ್ಕ ತಪ್ಪುವವಳಲ್ಲ. ಒಬ್ಬರು ಹೋಗಲೇಬೇಕು.

ಕಥೆಯಲ್ಲಿ ಮೆರಾಪಿ ಜ್ವಾಲಾಮುಖಿ ಸಿಡಿದು ಜಾವಾ ದ್ವೀಪವೆಲ್ಲ ಬೂದಿಯಲ್ಲಿ ಹೂತುಹೋಗಿತ್ತು. ಅವರ ಗಲ್ಲಿಯೊಂದೇ ಉಳಿದಿತ್ತು. ಪಾತ್ರಗಳಿಗೆ ಹೆಸರು ಹುಡುಕುವ ಗೋಜಿಗೆ ಹೋಗದೆ ಅವಳು ನೆರೆಹೊರೆಯವರನ್ನೇ, ಜೊತೆಗೆ ತನ್ನನ್ನೂ, ಇಟ್ಟುಕೊಂಡಿದ್ದಳು. ದಿನಕ್ಕೊಂದು ಅಧ್ಯಾಯ, ಗಲ್ಲಿಯ ವಾಟ್ಸಾಪ್ ಗುಂಪಿಗೆ. ಕಸದ ಗಾಡಿಯ ಸುದ್ದಿ ಬಿಟ್ಟರೆ ಬೇರೇನೂ ಇಲ್ಲದ ಗುಂಪು ಈಗ ನಾಲ್ಕು ಗಂಟೆಗೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು.

ನಿನ್ನೆಯ ಅಧ್ಯಾಯದಲ್ಲಿ ಜಿಪುಣ ಕಾರ್ಯೊ ಅಜ್ಜ ಸತ್ತಿದ್ದ. ಶವ ಎತ್ತುವ ಮುಂಚೆ ಊರಲ್ಲಿ ನೆರೆದವರನ್ನೆಲ್ಲ ಕೇಳುವ ಮಾತನ್ನು ಅವಳು ಹಾಗೆಯೇ ಬರೆದಿದ್ದಳು.

"ಇವರು ಎಂಥ ಮನುಷ್ಯ?"

"ಒಳ್ಳೆಯವರು!"

"ಇವರ ತಪ್ಪುಗಳನ್ನು ಕ್ಷಮಿಸಿದಿರಾ?"

"ಕ್ಷಮಿಸಿದೆವು!"

ಎಲ್ಲರೂ ಒಟ್ಟಿಗೆ, ಮೂರು ಸಲ. ಇದನ್ನೋದಿದ ನಿಜವಾದ ಕಾರ್ಯೊ ಅಜ್ಜ ಬೆಳಿಗ್ಗೆ ಇಡೀ ಗಲ್ಲಿಗೆ ಬಾಳೆಹಣ್ಣಿನ ಬಜ್ಜಿ ಹಂಚಿದ. ಅಜ್ಜನಿಗೆ ಅರಳುಮರಳು ಎಂದುಕೊಂಡಳು ಲಾಸ್ಮಿನಿ.

'ನಾಳೆ ಇನ್ನೊಬ್ಬರು' ಎಂದು ಅಧ್ಯಾಯ ಮುಗಿಸಿದ್ದಳು; ಬೆಳಗಾದದ್ದೇ ತಡ, ಅವಳ ಬಾಗಿಲಿಗೆ ಜನ ಬರತೊಡಗಿದರು. ಮೊದಲು ಪಂಪು ರಿಪೇರಿಯ ತುಕಿಜಾನ್, ಕೈಯಲ್ಲಿ ಸೋಯಾ ಕಾಳಿನ ಹುರಿದ ತೆಂಪೆ, ಬಾಯಲ್ಲಿ 'ಅಮ್ಮಾ' ಎಂಬ ಗೌರವದ 'ಬು'.

"ಸುಮ್ನೆ ಜ್ಞಾಪಿಸ್ತಾ ಇದ್ದೀನಿ ಬು. ಲೋಕ ಮುಳುಗಿದ್ರೂ ಪಂಪು ನೋಡ್ಕೊಳ್ಳೋಕೆ ಒಬ್ಬ ಬೇಕಲ್ವಾ?"

"ಕರೆಂಟೇ ಇಲ್ವಲ್ಲಪ್ಪ."

"ಕೈಪಂಪು, ಬು! ಕೈಪಂಪು!"

ಆಮೇಲೆ ಗಲ್ಲಿಯ ಮುಖ್ಯಸ್ಥನ ಹೆಂಡತಿ, ಒಂದು ಪಾತ್ರೆ ಕೋಳಿ ಸಾರಿನೊಂದಿಗೆ. "ನಮ್ಮನೆಯವರು ಹೋದ್ರೆ ಕಾಗದಪತ್ರಕ್ಕೆ ಸಹಿ ಹಾಕೋರು ಯಾರು?"

"ಲೋಕವೇ ಮುಗಿದ ಮೇಲೆ ಎಂಥ ಕಾಗದಪತ್ರ?"

"ಅಯ್ಯೋ, ಲೋಕ ಮುಗಿದಿದ್ದಕ್ಕೇ ಒಂದು ಪತ್ರ ಬೇಕಾಗತ್ತೆ ನೋಡಿ!"

ಮಧ್ಯಾಹ್ನದ ಹೊತ್ತಿಗೆ ಮೇಜು ತುಂಬಿತ್ತು. ಲಾಸ್ಮಿನಿ ಎಲ್ಲವನ್ನೂ ರುಚಿ ನೋಡಿದಳು; ತೀರ್ಮಾನ ಬದಲಾಗಲಿಲ್ಲ.

ವಾರ್ಸಿಯ ಸಾವನ್ನು ಅವಳು ಬಹಳ ಮುತುವರ್ಜಿಯಿಂದ ಬರೆದಿದ್ದಳು. ಬೂದಿಯ ಬಿರುಗಾಳಿ. ವಾರ್ಸಿ ಹೊರಗೆ ಕಾಲಿಡುತ್ತಾಳೆ. ಹೆಣ ಸಿಗುವುದಿಲ್ಲ. ಹೆಣವಿಲ್ಲದಿದ್ದರೆ ಯಾರೂ ಏನೂ ಕೇಳುವಂತಿಲ್ಲ, ಯಾರೂ ಏನೂ ಹೇಳಬೇಕಾಗಿಯೂ ಇಲ್ಲ.

ಮೂರು ವರ್ಷದ ಹಿಂದೆ ವಾರ್ಸಿಯ ಮಗಳ ಮದುವೆ. ಅಡುಗೆಗೆ ನೆರವಾಗಲು ಹೋದ ಲಾಸ್ಮಿನಿಯನ್ನು ನಲವತ್ತು ಹೆಂಗಸರ ಎದುರು ವಾರ್ಸಿ ಆಡಿಕೊಂಡಿದ್ದಳು: "ಉಪ್ಪಿನ ಮೂಟೆಯನ್ನೇ ಸುರಿದಿದ್ದಾಳೆ!" ಜೀವಮಾನವಿಡೀ ಉಪ್ಪನ್ನು ಮಿಲಿಗ್ರಾಮಿನಲ್ಲಿ ತೂಗಿದವಳಿಗೆ! ಅಂದಿನಿಂದ ಮಾತಿಲ್ಲ. ಮೂರು ಲೆಬಾರಾನ್ ಹಬ್ಬಗಳಲ್ಲೂ, ಜನ ಮನೆಮನೆಗೆ ಹೋಗಿ ಕ್ಷಮೆ ಕೇಳುವ ದಿನಕ್ಕೆ ಸರಿಯಾಗಿ, ಲಾಸ್ಮಿನಿ ಸೋಲೊ ನಗರದ ತಂಗಿಯ ಮನೆಯಲ್ಲಿದ್ದಳು.

ಮೂರೂವರೆಗೆ ಗೇಟು ಕಿರುಗುಟ್ಟಿತು. ಬಂದವಳು ವಾರ್ಸಿ. ಬರಿಗೈ. ಪ್ರಾಣಭಿಕ್ಷೆಗೂ ಒಂದು ಬಾಳೆಹಣ್ಣು ತರದ ಸೊಕ್ಕು, ಎಂದುಕೊಂಡಳು ಲಾಸ್ಮಿನಿ.

"ಯಾರು ಅಂತ ತೀರ್ಮಾನ ಆಯ್ತಾ, ಜೆಂಗ್?"

ಮೂರು ವರ್ಷದಿಂದ ಯಾರೂ ಲಾಸ್ಮಿನಿಯನ್ನು ಹಾಗೆ, ತಂಗಿಯನ್ನು ಕರೆಯುವ ಸಲುಗೆಯಿಂದ, ಕರೆದಿರಲಿಲ್ಲ.

"ಆಗಿದೆ."

"ಬದಲಾಯಿಸೋಕಾಗತ್ತಾ?"

"ನೀರಿನ ಲೆಕ್ಕ ಯಾರ ಮಾತೂ ಕೇಳಲ್ಲ, ಬು."

ವಾರ್ಸಿ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬೇರೆಯವರನ್ನ ಬಿಟ್ಟು ನನ್ನನ್ನೇ ಸಾಯಿಸು, ಜೆಂಗ್. ಹೆಣ ಮಾತ್ರ ಸಿಗೋ ಹಾಗೆ ಬರಿ. ಆಗ ನೀನೂ ಎಲ್ಲರ ಜೊತೆ 'ಕ್ಷಮಿಸಿದೆ' ಅನ್ನಲೇಬೇಕು, ನಾನೂ ಬದುಕಿರುವಾಗಲೇ ಅದನ್ನ ಕೇಳಿಸ್ಕೋಬಹುದು."